ಕರೆದರೆ ಬರುತ್ತಾನೆ

ಸಮರ್‌ಸೆಟ್, ನ್ಯೂಜೆರ್ಸಿ
12 ಮೇ 2025

ಪದ್ಮಜಾ,

ನಿನಗೆ ಫೋನ್ ಮಾಡಿದರೆ ಒಂದೇ ಸಲ ರಿಂಗಾಗಿ ಕಟ್ಟಾಗುತ್ತದೆ. ವಾಟ್ಸಾಪಿನಲ್ಲಿ ನಿನ್ನ ಮುಖವೇ ಮಾಯ. ಬ್ಲಾಕ್ ಮಾಡಿದರೆ ಹೀಗೇ ಆಗುತ್ತದಂತೆ, ಸಿಯಾಟಲ್‌ನಿಂದ ನನ್ನ ಮಗಳು ಅಕ್ಷತಾ ಹೇಳಿದಳು. ಆಗಲಿ. ಪೋಸ್ಟಿನವನನ್ನು ಬ್ಲಾಕ್ ಮಾಡುವ ಬಟನ್ ಇನ್ನೂ ಬಂದಿಲ್ಲವಲ್ಲ, ಅದಕ್ಕೇ ಈ ಕಾಗದ. ಸಿಟ್ಟಿದ್ದರೆ ಓದಿಯಾದ ಮೇಲೆ ಹರಿ.

ನಮ್ಮನೆಯವರು ತೀರಿಹೋಗುವ ಮುಂಚೆ ಒಂದು ಕ್ರೂಸ್ ಬುಕ್ ಮಾಡಿಟ್ಟಿದ್ದರು. ಸೆಪ್ಟೆಂಬರಿನಲ್ಲಿ ಮ್ಯಾನ್‌ಹಟನ್ನಿಂದ ಹೊರಟು ಕೆನಡಾದ ಕಡೆ ಒಂದು ವಾರ. ಜೀವಮಾನವೆಲ್ಲ ಕೌಂಟಿಯ ರಸ್ತೆಗೆ ಡಾಂಬರು ಹಾಕಿಸಿದ ಎಂಜಿನಿಯರು, ರಿಟೈರಾದ ಮೇಲೆ ರಸ್ತೆಯೇ ಇಲ್ಲದ ಕಡೆ ಹೋಗಬೇಕು ಅನ್ನುತ್ತಿದ್ದರು. ಅಕ್ಟೋಬರಿನಲ್ಲಿ ಹೋಗಿಯೇಬಿಟ್ಟರು, ನನ್ನನ್ನು ಬಿಟ್ಟು. ಟಿಕೆಟ್ಟು ಉಳಿಯಿತು. ಅಕ್ಷತಾಳನ್ನು ಕೇಳಿದರೆ "ಅಮ್ಮಾ, ಜಸ್ಟ್ ಗೋ, ಯು ನೀಡ್ ದಿಸ್" ಅನ್ನುತ್ತಾಳೆ.

ಹೋಗಬಹುದು, ಆದರೆ ನಾಯಿಯನ್ನು ಬಿಟ್ಟು ಹೋಗಲಾರೆ. ಹಡಗಿನಲ್ಲಿ ಸಾಕುಪ್ರಾಣಿಗೆ ಪ್ರವೇಶವಿಲ್ಲ. ಸರ್ವೀಸ್ ಡಾಗ್ ಆಗಿದ್ದರೆ ಮಾತ್ರ ಬಿಡುತ್ತಾರೆ. ಕಣ್ಣು ಕಾಣದವರಿಗೆ ದಾರಿ ತೋರಿಸುವುದು, ಮೂರ್ಛೆ ಬರುವವರಿಗೆ ಮೊದಲೇ ಎಚ್ಚರಿಸುವುದು, ಅಂಥ ಕೆಲಸ ಕಲಿತ ನಾಯಿ. ಎಡಿಸನ್ನಿನ ಪುಟ್ಟಸ್ವಾಮಿ ಹೋದ ವರ್ಷ ತಮ್ಮ ಪೊಮೆರೇನಿಯನ್ನಿಗೆ ಆನ್‌ಲೈನಿನಲ್ಲಿ ಕೆಂಪು ಜಾಕೀಟು ತರಿಸಿ ತೊಡಿಸಿ, ತಮಗೆ ಮೂರ್ಛೆ ಬರುತ್ತದೆ ಎಂದು ಹೇಳಿ ಬಹಾಮಾಸ್‌ಗೆ ಕರೆದೊಯ್ದರಲ್ಲ. ಮೂರನೇ ದಿನ ಅದು ಊಟದ ಹಾಲಿನಲ್ಲಿ ಕ್ಯಾಪ್ಟನ್ನನ್ನು ಕಂಡು ಬೊಗಳಿತಂತೆ. ಇವರಿಗೀಗ ಮೂರ್ಛೆ ಬರುತ್ತದೆ ಎಂದು ಸಿಬ್ಬಂದಿಯೆಲ್ಲ ಓಡಿಬಂದು, ವ್ಹೀಲ್‌ಚೇರಿನಲ್ಲಿ ಕೂರಿಸಿ, ಹಡಗಿನ ಕ್ಲಿನಿಕ್ಕಿನಲ್ಲಿ ಮಲಗಿಸಿದರಂತೆ. ನಿಜ ಹೇಳುವ ಹಾಗಿಲ್ಲ. ತಟ್ಟೆಯಲ್ಲಿ ಅರ್ಧ ತಿಂದ ಪಾಸ್ತಾ ನೆನೆಯುತ್ತ ಸಂಜೆಯೆಲ್ಲ ಕಣ್ಣು ಮುಚ್ಚಿ ಬಿದ್ದಿದ್ದರಂತೆ.

ನಾನೂ ಜಾಕೀಟು ತರಿಸಿದ್ದೇನೆ. ಕ್ಯಾಬಿನ್ನಿನಲ್ಲಿ ಇನ್ನೊಂದು ಹಾಸಿಗೆ ಖಾಲಿ ಇದೆ. ನೀನು ಬಾ.

ಶರಣು,
ಚನ್ನಬಸಮ್ಮ


ಹೋಬೋಕನ್
25 ಮೇ 2025

ಚನ್ನಬಸಮ್ಮನವರಿಗೆ,

ಕಾಗದ ಹರಿಯಲಿಲ್ಲ. ಹರಿದ ಕಾಗದವನ್ನು ನಮ್ಮ ಬಿಲ್ಡಿಂಗಿನ ರೀಸೈಕ್ಲಿಂಗ್ ಡಬ್ಬದಲ್ಲಿ ಹಾಕಬಾರದೆಂದು ಬೋರ್ಡಿದೆ.

ಇನ್ಶೂರೆನ್ಸ್ ಕಂಪನಿಯಲ್ಲಿ ಸುಳ್ಳು ಕ್ಲೇಮು ಹಿಡಿಯುವುದೇ ನನ್ನ ನೌಕರಿಯಾಗಿತ್ತು. ಕುಂಟುತ್ತ ಬಂದವರು ಪಾರ್ಕಿಂಗ್ ಲಾಟಿನಲ್ಲಿ ನೆಟ್ಟಗೆ ನಡೆಯುವುದನ್ನು ಕಿಟಕಿಯಿಂದ ನೋಡಿದವಳು ನಾನು. ಅಂಥವಳನ್ನು ಸುಳ್ಳು ನಾಯಿಗೆ ಸಾಕ್ಷಿಯಾಗಿ ಕರೆಯುತ್ತೀರಲ್ಲ, ನಿಮ್ಮ ಧೈರ್ಯ ದೊಡ್ಡದು.

ಬರುವುದಿಲ್ಲ. ನಾಯಿ ಇರುವ ಕೋಣೆಯಲ್ಲಿ ನನಗೆ ನಿದ್ದೆ ಹತ್ತುವುದಿಲ್ಲ, ಅದು ನಿಮಗೆ ಗೊತ್ತು.

ಬ್ಲಾಕ್ ಮಾಡಿದ್ದು ಸಿಟ್ಟಿನಲ್ಲಿ. ಅದನ್ನು ತೆಗೆಯುವುದು ಹೇಗೆಂದು ಗೊತ್ತಿಲ್ಲ. ಆಕರ್ಷ್‌ನನ್ನು ಕೇಳಬೇಕು. ಮಗನ ಜೊತೆ ಇದ್ದೀಯ, ಪುಣ್ಯವಂತೆ ಎನ್ನುತ್ತಾರೆ ಎಲ್ಲರೂ. ಅವನು ವಾರದಲ್ಲಿ ನಾಲ್ಕು ದಿನ ಬೇರೆ ಊರಿನಲ್ಲಿ, ಉಳಿದ ದಿನ ಹೆಡ್‌ಫೋನಿನಲ್ಲಿ. ಅಡುಗೆಮನೆಯ ಕಿಟಕಿಯಿಂದ ಹಡ್ಸನ್ ಹೊಳೆ ಕಾಣುತ್ತದೆ. ನೀವು ಹೇಳುವಂಥ ಹಡಗುಗಳು ಸಂಜೆ ಇಲ್ಲೇ ಮುಂದೆ ಹಾದುಹೋಗುತ್ತವೆ. ಮೇಲೆ ನಿಂತವರು ದಡಕ್ಕೆ ಕೈ ಬೀಸುತ್ತಾರೆ. ಯಾರಿಗೆ ಬೀಸುತ್ತಾರೋ. ಒಂದು ದಿನ ಪಾತ್ರೆ ಒರೆಸುವ ಬಟ್ಟೆ ಹಿಡಿದು ನಾನೂ ಬೀಸಿದೆ.

ಪದ್ಮಜಾ


ಸಮರ್‌ಸೆಟ್
16 ಜೂನ್ 2025

ಪದ್ಮಜಾ,

ನೀವು, ನಿಮ್ಮ ಎಂದೆಲ್ಲ ಬರೆದಿದ್ದೀ. ಇಷ್ಟು ವರ್ಷದ ಮೇಲೆ ನನಗೆ ಮರ್ಯಾದೆ ಕೊಡಲಿಕ್ಕೆ ಹತ್ತಿದ್ದೀಯಲ್ಲ, ಇದಕ್ಕಿಂತ ಬೈದಿದ್ದರೆ ಚಲೋ ಇತ್ತು.

ನಾಯಿಗೆ ತರಬೇತಿ ಶುರುಮಾಡಿದ್ದೇನೆ. "ಸಿಟ್" ಎಂದರೆ ನನ್ನ ಮುಖ ನೋಡುತ್ತಾನೆ, "ಕುಂದ್ರು" ಎಂದರೆ ಕೂಡುತ್ತಾನೆ. ನಾವು ಅವನನ್ನು ತಂದ ಬೀದಿನಾಯಿಗಳ ಶೆಲ್ಟರಿನವರು ಕೂಪರ್ ಎಂದು ಹೆಸರಿಟ್ಟಿದ್ದರು, ಕೊರಳಪಟ್ಟಿಯ ಮೇಲೂ ಅದೇ ಇದೆ. ಕೂಪರ್ ಎಂದು ಗಂಟಲು ಹರಿದುಕೊಂಡರೂ ತಿರುಗುವುದಿಲ್ಲ. ಅವನು ತಿರುಗುವುದು ಒಂದೇ ಮಾತಿಗೆ.

ಅದಕ್ಕೇ ನಮ್ಮಿಬ್ಬರ ಜಗಳವಾದದ್ದು, ಆದ್ದರಿಂದ ಒಂದು ಸಲ ಬಿಡಿಸಿ ಹೇಳುತ್ತೇನೆ. ನಾನು ಗಂಡನ ಹೆಸರು ಬಾಯಲ್ಲಿ ಆಡಿದವಳಲ್ಲ. ನಮ್ಮವ್ವ ಆಡಲಿಲ್ಲ, ನಮ್ಮತ್ತಿ ಆಡಲಿಲ್ಲ. ಲ್ಯಾಬಿನಲ್ಲಿ ಬಿಳಿ ಕೋಟು ಹಾಕಿ ದುಡಿದು ಬಂದರೂ ಮನೆಯೊಳಗೆ ಕಾಲಿಟ್ಟರೆ "ಏನ್ರೀ" ಎಂದೇ ಕರೆಯುತ್ತಿದ್ದೆ. ಅವರು ಬರುವಾಗ ಕಾಲಡಿಯಲ್ಲಿ ಮರಿಯೂ ಬರುತ್ತಿತ್ತು. ಏನ್ರೀ ಎಂದರೆ ತನ್ನ ಹೆಸರು ಎಂದು ತಿಳಿದುಕೊಂಡಿತು. ನಾವು ನಗುತ್ತಿದ್ದೆವು. ಅವರಂತೂ ಬೇಕೆಂದೇ ಕುರ್ಚಿ ಬಿಟ್ಟು ಏಳುತ್ತಿರಲಿಲ್ಲ, "ನೋಡು, ನನ್ನ ಕಡೆಯಿಂದ ಒಬ್ಬ ಬಂದಾನ" ಎನ್ನುತ್ತಿದ್ದರು.

ಈ ಸಲದ ಯುಗಾದಿ ದಿನ ನಮ್ಮ ಪಕ್ಕದ ಬೀದಿಯ ರಮ್ಯಶ್ರೀ ಮನೆಯಲ್ಲಿ ನಾನು "ಏನ್ರೀ" ಎಂದಾಗ ನಾಯಿ ಓಡಿಬಂತು. ಎಲ್ಲರೂ ನಕ್ಕರು. ನೀನು ಮಾತ್ರ "ಗಂಡನ್ನ ಕರೆದ ಹಾಗೆ ನಾಯೀನ ಕರೀತೀಯಲ್ಲ, ಒಂದಿಷ್ಟಾದ್ರೂ ಮರ್ಯಾದೆ ಬೇಡ್ವಾ?" ಎಂದೆ. ಪದ್ಮಜಾ, ನಾನು ನಾಯಿಯನ್ನು ಕರೆದಿರಲಿಲ್ಲ. ಉಪ್ಪಿನಕಾಯಿ ಬಡಿಸಲೇನು ಎಂದು ಕೇಳಲಿಕ್ಕೆ ಅವರನ್ನೇ ಕರೆದಿದ್ದೆ. ಅವರಿಲ್ಲ ಎಂಬುದು ಮರೆತುಹೋಗಿತ್ತು. ಬಂದದ್ದು ನಾಯಿ.

ಆಮೇಲೆ ನಾನೂ ಸುಮ್ಮನಿರಲಿಲ್ಲ. "ನಿನ್ನ ಕರದ್ರ ಬರೋರು ಒಬ್ರೂ ಇಲ್ಲ, ಅದಕ್ಕ ನಿನಗ ಹೊಟ್ಟಿಕಿಚ್ಚು" ಎಂದೆ. ನಿನ್ನ ಯಜಮಾನರು ಹೋಗಿ ಹದಿನೈದು ವರ್ಷವಾಯಿತು, ನನಗೆ ಆ ಅರಿವು ಇರಬೇಕಿತ್ತು.

ಈಗ ಮನೆಯಲ್ಲಿ ನಾನು ಕರೆದರೆ ಬರುವವನು ಅವನೊಬ್ಬನೇ. ದುಡ್ಡಿಗೆ ನಾಯಿ ನೋಡಿಕೊಳ್ಳುವ ಕೆನಲ್ಲಿನಲ್ಲಿ ಬಿಟ್ಟುಹೋದರೆ ಹಡಗಿನ ಕೋಣೆಯಲ್ಲಿ ನಾನು ಕರೆಯುತ್ತೇನೆ, ಯಾರೂ ಬರುವುದಿಲ್ಲ. ಅದೊಂದಕ್ಕೇ ನನಗೆ ಹೆದರಿಕೆ.

ಚನ್ನಬಸಮ್ಮ


ಹೋಬೋಕನ್
10 ಜುಲೈ 2025

ಚನ್ನಬಸಮ್ಮ,

ನೀನು ಅಂದದ್ದು ನಿಜ. ಸುಳ್ಳಾಗಿದ್ದರೆ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಆ ವಿಷಯ ಇಲ್ಲಿಗೆ ಸಾಕು.

ಹೋಗುವುದೇ ಆದರೆ ಪುಟ್ಟಸ್ವಾಮಿಯವರ ಹಾಗೆ ಪೆದ್ದುಪೆದ್ದಾಗಿ ಹೋಗಬೇಡ. ನಾನು ಲೈಬ್ರರಿಯಲ್ಲಿ ಕೂತು ಓದಿದೆ. ಅವರು ಕೇಳುವ ಪ್ರಶ್ನೆಗಳು ಎರಡು. ಒಂದು, ನಿನಗೆ ಇರುವ ತೊಂದರೆಗಾಗಿ ಬೇಕಾದ ನಾಯಿಯೇ ಇದು? ಇದಕ್ಕೆ ಹೌದು ಎಂದರೆ ಮುಗಿಯಿತು. ಎರಡನೆಯದು, ಇದಕ್ಕೆ ಯಾವ ಕೆಲಸ ಕಲಿಸಿದೆ? ಸಿಕ್ಕಿಬೀಳುವುದು ಇಲ್ಲೇ. ಜೊತೆಗಿದ್ದರೆ ಸಮಾಧಾನ, ಒಂಟಿತನ ಕಳೆಯುತ್ತದೆ, ಹೀಗೆಲ್ಲ ಹೇಳಿದೆಯೋ ಹೊರಗೆ ಕಳಿಸುತ್ತಾರೆ. ಸಮಾಧಾನ ಕೆಲಸವಲ್ಲವಂತೆ. ನಿನಗೆ ಹೇಗೂ ಡಯಾಬಿಟಿಸ್ ಇದೆ. ಶುಗರ್ ಇಳಿದರೆ ವಾಸನೆ ಹಿಡಿದು ಮೊಣಕಾಲಿಗೆ ಮೂತಿ ತಾಗಿಸುತ್ತಾನೆ ಎನ್ನು. ಅಷ್ಟೇ ಹೇಳು. ಸುಳ್ಳು ಹೇಳುವವರು ಯಾವಾಗಲೂ ಒಂದು ವಾಕ್ಯ ಜಾಸ್ತಿ ಹೇಳುತ್ತಾರೆ, ನಾನು ಹಿಡಿಯುತ್ತಿದ್ದದ್ದು ಆ ಜಾಸ್ತಿ ವಾಕ್ಯದಲ್ಲೇ.

ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡು. ಜನರ ನಡುವೆಯೂ ಒಮ್ಮೆ ಕರೆದುಕೊಂಡು ಹೋಗಿ ನೋಡು.

ಆಕರ್ಷ್ ಬಂದು ಹೋದ. ಬ್ಲಾಕಿನ ವಿಷಯ ಕೇಳೋಣವೆಂದು ಕಾಯುತ್ತಿದ್ದೆ. ಕಾಲ್ ಮುಗಿಯಲಿ ಎಂದು ಕೂತೆ, ಮುಗಿಯುವ ಹೊತ್ತಿಗೆ ಏರ್‌ಪೋರ್ಟಿನ ಕಾರು ಬಂದಿತ್ತು.

ಪದ್ಮಜಾ


ಸಮರ್‌ಸೆಟ್
11 ಆಗಸ್ಟ್ 2025

ಪದ್ಮಜಾ,

ನೀನು ಹೇಳಿದಂತೆ ಜನರ ನಡುವೆ ಪರೀಕ್ಷೆ ಮಾಡಿದೆ. ನ್ಯೂಯಾರ್ಕಿನ ಜ್ಯಾಕ್ಸನ್ ಹೈಟ್ಸ್‌ಗೆ ಹೋಗಿದ್ದೆ. ಶನಿವಾರದ ಎಪ್ಪತ್ತನಾಲ್ಕನೇ ಸ್ಟ್ರೀಟು ನಿನಗೆ ಗೊತ್ತಲ್ಲ, ಮನುಷ್ಯರಿಗೇ ಕಾಲಿಡಲು ಜಾಗವಿಲ್ಲ. ಕೆಂಪು ಜಾಕೀಟು ಕಂಡು ಎಲ್ಲರೂ ದಾರಿ ಬಿಟ್ಟರು. ಒಬ್ಬ ಆಂಟಿ ನನಗೆ ಕಣ್ಣು ಕಾಣುವುದಿಲ್ಲವೆಂದು ತಿಳಿದು ಕೈ ಹಿಡಿದು ರಸ್ತೆ ದಾಟಿಸಿದಳು. ಬೇಡ ಎನ್ನುವಷ್ಟರಲ್ಲಿ ಆ ಕಡೆ ಇದ್ದೆ. ನನಗೆ ಹೋಗಬೇಕಾದದ್ದು ಈ ಕಡೆ.

ಸೀರೆ ಅಂಗಡಿಗೆ ಹೊಕ್ಕೆ. ಹಡಗಿನಲ್ಲಿ ಒಂದು ಸಂಜೆ ಎಲ್ಲರೂ ಚಂದ ಉಡುಗೆ ತೊಟ್ಟು ಊಟಕ್ಕೆ ಬರಬೇಕಂತೆ, ಫಾರ್ಮಲ್ ನೈಟ್ ಎನ್ನುತ್ತಾರೆ. ಅಂಗಡಿಯವನು ನಾಯಿಯನ್ನು ನೋಡಿ ಗಲ್ಲಾದ ಹಿಂದೆ ಸರಿದು ನಿಂತು, ಅಲ್ಲಿಂದಲೇ ಸೀರೆ ಎಸೆದು ತೋರಿಸಿದ. ಒಂದು ಹಸಿರು, ಒಂದು ನೇರಳೆ. ಎರಡನ್ನೂ ಎತ್ತಿ ಹಿಡಿದು, ತಿರುಗದೆಯೇ "ಏನ್ರೀ, ಯಾವುದು ಚಂದ ಕಾಣ್ತದ?" ಎಂದೆ.

ಬಾಯಿಂದ ಬಂದುಹೋಯಿತು. ನಾಯಿ ಬಂತು, ಕೆಳಗೆ ಜಾರಿದ ನೇರಳೆ ಸೀರೆಯ ಮೇಲೆ ಕೂತಿತು. ಕೂತ ಮೇಲೆ ಕೊಳ್ಳದೆ ವಿಧಿಯಿಲ್ಲ. ನಮ್ಮನೆಯವರಿಗಿಂತ ಇವನೇ ವಾಸಿ. ಅವರನ್ನು ಕೇಳಿದರೆ ಎರಡೂ ಚಲೋ ಅದಾವ ಎಂದು ಪೇಪರ್ ಓದುತ್ತಿದ್ದರು. ರೈಲಿನಲ್ಲಿ ಬರುವಾಗ ಸೀರೆಯ ಚೀಲ ಮಡಿಲಲ್ಲಿಟ್ಟುಕೊಂಡು ಅತ್ತೆ. ಎದುರು ಕೂತ ಹುಡುಗಿ ಟಿಶ್ಯೂ ಕೊಟ್ಟು, ನಾಯಿಯನ್ನು ತೋರಿಸಿ, "ಹಿ ಈಸ್ ಡೂಯಿಂಗ್ ಎ ಗ್ರೇಟ್ ಜಾಬ್" ಎಂದಳು. ಅವನು ನಿದ್ದೆ ಹೊಡೆಯುತ್ತಿದ್ದ.

ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಳ್ಳಬೇಕೆಂದಿದ್ದೇನೆ. ಸೆಪ್ಟೆಂಬರ್ ಹದಿನಾಲ್ಕು, ಭಾನುವಾರ ಹಡಗು. ಖಾಲಿ ಹಾಸಿಗೆ ಇನ್ನೂ ಖಾಲಿಯೇ ಇದೆ.

ಚನ್ನಬಸಮ್ಮ


ಹೋಬೋಕನ್
28 ಆಗಸ್ಟ್ 2025

ಚನ್ನೂ,

ನಾನು ಬರುವುದಿಲ್ಲ, ಮತ್ತೆ ಕೇಳಬೇಡ. ಆದರೆ ಹಡಗು ಹೋಬೋಕನ್ ಮುಂದೆಯೇ ಹಾದುಹೋಗುತ್ತದೆ. ನೀನು ಬಲಗಡೆಯ ಕಟಕಟೆಗೆ ಬಂದು ನಿಲ್ಲು. ನಾನು ಹೊಳೆದಂಡೆಯ ಪಾರ್ಕಿನ ತುದಿಯಲ್ಲಿ ಹಳದಿ ಶಾಲು ಬೀಸುತ್ತೇನೆ. ನಾಯಿಯನ್ನೂ ಎತ್ತಿ ತೋರಿಸು.

ಔಷಧಿ ಕೈಚೀಲದಲ್ಲೇ ಇಟ್ಟುಕೋ, ಸೂಟ್‌ಕೇಸಿನಲ್ಲಿ ಹಾಕಬೇಡ. ಎರಡನೆಯ ಪ್ರಶ್ನೆಗೆ ಒಂದೇ ವಾಕ್ಯ.

ಪದ್ಮಜಾ


ಹೋಬೋಕನ್
14 ಸೆಪ್ಟೆಂಬರ್ 2025, ಸಂಜೆ

ಚನ್ನೂ,

ಇದು ನೀನು ತಿರುಗಿ ಬಂದ ಮೇಲೆ ನಿನ್ನ ಕೈ ಸೇರುತ್ತದೆ. ಮರೆಯುವ ಮುಂಚೆ ಬರೆದುಬಿಡುತ್ತೇನೆ.

ನಾನು ಮೂರು ಗಂಟೆಗೇ ಹೋಗಿ ನಿಂತಿದ್ದೆ. ನಡುವೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು. ಕಾರಿನ ವಾರಂಟಿ ಮಾರುವವರಿರಬೇಕು, ಕಟ್ ಮಾಡಿದೆ. ಐದರ ಸುಮಾರಿಗೆ ಹಡಗು ಬಂತು, ಒಂದು ಬೀದಿಯೇ ಎದ್ದು ಹೊರಟ ಹಾಗಿತ್ತು. ಶಾಲು ಬೀಸಿದೆ. ಪಕ್ಕದಲ್ಲಿದ್ದ ಮಕ್ಕಳು ನಕ್ಕರು, ನಗಲಿ.

ನೀನು ಕಂಡೆ. ಮೂರನೇ ಸಾಲಿನಲ್ಲಿ, ನೇರಳೆ ಬಟ್ಟೆ. ತೋಳಿನಲ್ಲಿ ಕಂದು ಬಣ್ಣದ್ದೇನೋ ಇತ್ತು. ನೀನು ಕೈ ಎತ್ತಿದೆ, ಇಳಿಸಲೇ ಇಲ್ಲ. ನಾನೂ ಇಳಿಸಲಿಲ್ಲ. ಭುಜ ಈಗ ನೋಯುತ್ತಿದೆ, ಐಯೋಡೆಕ್ಸ್ ಹಚ್ಚಿಕೊಂಡು ಕೂತಿದ್ದೇನೆ. ಇಷ್ಟು ವರ್ಷ ಈ ಕಿಟಕಿಯಿಂದ ನೋಡಿದ್ದೇನೆ, ನನಗೆಂದೇ ಯಾರಾದರೂ ಕೈ ಬೀಸಿದ್ದು ಇದೇ ಮೊದಲು.

ಖಾಲಿ ಹಾಸಿಗೆಗೆ ಬರಬೇಕಾಗಿತ್ತೇನೋ ಎಂದು ಆಗ ಅನಿಸಿತು.

ಪದ್ಮಜಾ


ಸಮರ್‌ಸೆಟ್
22 ಸೆಪ್ಟೆಂಬರ್ 2025

ಪದ್ಮಜಾ,

ನಿನ್ನ ಕಾಗದ ನನಗೆ ಬುಧವಾರವೇ ಸಿಕ್ಕಿತು. ಆ ಹೊತ್ತಿಗೆ ನಾನು ಕೆನಡಾದಲ್ಲಿ ಇರಬೇಕಾಗಿತ್ತು. ಮನೆಯಲ್ಲೇ ಇದ್ದೆ. ನೀನು ಕೈ ಬೀಸಿದ್ದು ನನಗಲ್ಲ.

ಸುಳ್ಳು ಬರೆಯೋಣವೆಂದು ಎರಡು ಸಲ ಹಾಳೆ ತೆಗೆದೆ. ಸಮುದ್ರ ಚಂದವಿತ್ತು, ತಿಮಿಂಗಿಲ ಕಂಡೆ ಎಂದು. ನೀನು ನನ್ನನ್ನು ಕಂಡೆ ಎಂದು ಅಷ್ಟು ಖುಷಿಯಾಗಿ ಬರೆದಿದ್ದೆಯಲ್ಲ, ಅದನ್ನು ಕೆಡಿಸಲು ಕೈ ಬರಲಿಲ್ಲ. ಆದರೆ ಒಂದು ವಾಕ್ಯ ಜಾಸ್ತಿ ಬರೆದು ಸಿಕ್ಕಿಬೀಳುತ್ತಿದ್ದೆ.

ಹಡಗುಕಟ್ಟೆಯಲ್ಲಿ ಒಬ್ಬಳು ಹುಡುಗಿ ಇದ್ದಳು, ಅಕ್ಷತಾಗಿಂತ ಚಿಕ್ಕವಳು. ಮೊದಲನೆಯ ಪ್ರಶ್ನೆಗೆ ಹೌದು ಎಂದೆ. ಎರಡನೆಯದು ಕೇಳಿದಳು, ಇವನಿಗೆ ಯಾವ ಕೆಲಸ ಕಲಿಸಿದ್ದೀರಿ? ಶುಗರಿನ ಮಾತು ನಾಲಿಗೆಯ ತುದಿಯಲ್ಲಿತ್ತು. ನಾಯಿ ಮುಖ ಎತ್ತಿ ನನ್ನನ್ನೇ ನೋಡುತ್ತಿತ್ತು. ನಾನು "ಕರೆದರೆ ಬರುತ್ತಾನೆ" ಎಂದುಬಿಟ್ಟೆ.

ಎಲ್ಲ ನಾಯಿಗಳೂ ಬರುತ್ತವಲ್ಲ ಎಂದಳು. ಹಾಗಾದರೆ ನೀನೇ ಕರಿ ಎಂದೆ. ಪಟ್ಟಿಯ ಮೇಲಿನ ಹೆಸರು ಓದಿ ಕೂಪರ್, ಕೂಪರ್ ಎಂದು ಚಪ್ಪಾಳೆ ತಟ್ಟಿದಳು. ಇವನು ಆಕಳಿಸಿದ. ನಾನು ಹತ್ತು ಹೆಜ್ಜೆ ಹಿಂದೆ ಹೋಗಿ "ಏನ್ರೀ" ಎಂದೆ. ಓಡಿಬಂದ. ಸಾಲಿನಲ್ಲಿದ್ದ ಯಾರೋ ನಮ್ಮ ಕಡೆಯ ಯಜಮಾನರೊಬ್ಬರೂ ಟ್ರಾಲಿ ಬಿಟ್ಟು ಎರಡು ಹೆಜ್ಜೆ ಬಂದು, ಹೆಂಡತಿ ಕರೆದದ್ದಲ್ಲ ಎಂದು ಗೊತ್ತಾಗಿ ವಾಪಸು ಹೋದರು.

ಆ ಮಾತಿನ ಅರ್ಥವೇನು ಎಂದು ಹುಡುಗಿ ಕೇಳಿದಳು. ನನ್ನ ಗಂಡನನ್ನು ಕರೆಯುತ್ತಿದ್ದ ಮಾತು ಎಂದೆ. ಅವಳಿಗೆ ಎಲ್ಲ ಅರ್ಥವಾಯಿತು. ಕಣ್ಣು ಒದ್ದೆ ಮಾಡಿಕೊಂಡೇ, ಇದು ಕೆಲಸವೆಂದು ಬರೆದುಕೊಳ್ಳಲು ನನಗೆ ಆಗುವುದಿಲ್ಲ, ನೀವು ಹೋಗಬಹುದು, ನಾಯಿ ಹೋಗುವಂತಿಲ್ಲ ಎಂದಳು. ಹತ್ತಿರದಲ್ಲಿ ನಾಯಿಯನ್ನು ನೋಡಿಕೊಳ್ಳುವವರು ಯಾರಾದರೂ ಇದ್ದಾರೆಯೇ ಎಂದು ಕೇಳಿದಳು.

ಹೊಳೆಯಾಚೆ ಹೋಬೋಕನ್ ಕಾಣುತ್ತಿತ್ತು. ಫೆರಿ ಹತ್ತಿದರೆ ಎಷ್ಟು ದೂರ. ನೀನು ಅಲ್ಲೇ ಶಾಲು ಹಿಡಿದು ನಿಂತಿದ್ದೀ ಎಂದು ಗೊತ್ತಿತ್ತು. ಫೋನ್ ಮಾಡಿದೆ, ಒಂದು ರಿಂಗಾಗಿ ಕಟ್ಟಾಯಿತು. ಆ ಹುಡುಗಿ ತನ್ನ ಫೋನಿನಿಂದಲೂ ಮಾಡಿದಳು. ಗೊತ್ತಿಲ್ಲದ ನಂಬರು ನೀನು ಎತ್ತುವವಳಲ್ಲ, ಆದರೂ ಇಬ್ಬರೂ ಅವಳ ಫೋನು ನೋಡುತ್ತ ನಿಂತಿದ್ದೆವು. ಯಾರೂ ಇಲ್ಲ ಎಂದು ಅವಳಿಗೆ ಹೇಳಿದೆ.

ಅಕ್ಷತಾಗೆ ತಿಳಿಸಲಿಲ್ಲ. ಹಡಗಿನಲ್ಲಿ ಇಂಟರ್ನೆಟ್ ಇಲ್ಲವೆಂದು ಮೊದಲೇ ಹೇಳಿದ್ದೆ, ಅವಳು ಒಂದು ವಾರ ಫೋನ್ ಮಾಡಲಿಲ್ಲ. ರಮ್ಯಶ್ರೀ ಕಾರು ನಮ್ಮ ಬೀದಿಯಲ್ಲೇ ತಿರುಗುತ್ತದೆ, ಅದಕ್ಕೆ ಪರದೆ ಬಿಟ್ಟುಕೊಂಡು ಕಳ್ಳಿಯ ಹಾಗೆ ನನ್ನ ಮನೆಯಲ್ಲೇ ಅಡಗಿದ್ದೆ. ಸೂಟ್‌ಕೇಸಿನಿಂದಲೇ ರೊಟ್ಟಿ ತೆಗೆದು ತಿಂದೆ. ಸಾಮಾನು ಹೊರಗಿಟ್ಟರೆ ಪ್ರವಾಸ ಮುಗಿಯಿತಲ್ಲ ಎಂದು. ಲೋಕಕ್ಕೆಲ್ಲ ನಾನು ಸಮುದ್ರದಲ್ಲಿದ್ದೆ, ಯಾರೂ ನನ್ನನ್ನು ಹುಡುಕಲಿಲ್ಲ. ಇದಕ್ಕಿಂತ ಒಂಟಿಯಾಗಿ ನಾನು ಯಾವತ್ತೂ ಇರಲಿಲ್ಲ, ಪದ್ಮಜಾ.

ಫಾರ್ಮಲ್ ನೈಟಿನ ದಿನ ನೇರಳೆ ಸೀರೆ ಉಟ್ಟೆ. ಮೇಜಿಗೆ ಎರಡು ತಟ್ಟೆ ಹಾಕಿದೆ. "ಏನ್ರೀ, ಹ್ಯಾಂಗ ಕಾಣ್ತೀನಿ?" ಎಂದೆ. ಬಂದ, ನೋಡಿದ, ಕಾಲ ಮೇಲೆ ತಲೆಯಿಟ್ಟು ಮಲಗಿದ. ಬರುತ್ತಾನೆ, ಆದರೆ ಏನೂ ಹೇಳುವುದಿಲ್ಲವಲ್ಲ.

ಹಡಗಿನ ಮೇಲೆ ಕೈ ಎತ್ತಿದ ಆ ನೇರಳೆ ಬಟ್ಟೆಯವಳು ಯಾರೋ. ಅವಳಿಗೂ ನೀನು ಕಂಡದ್ದು ಒಳ್ಳೆಯದಾಯಿತು.

ಚನ್ನಬಸಮ್ಮ


ಹೋಬೋಕನ್
26 ಸೆಪ್ಟೆಂಬರ್ 2025

ಚನ್ನೂ,

ಔಷಧಿ ಅಂಗಡಿಯ ಕೌಂಟರಿನ ಹುಡುಗಿಗೆ ಫೋನ್ ಕೊಟ್ಟು ಬ್ಲಾಕ್ ತೆಗೆಸಿದೆ. ಎರಡು ಸಲ ಒತ್ತಿದಳು, ಹೋಯಿತು. ಅಷ್ಟೇ ಕೆಲಸ. ಅದಕ್ಕೆ ನಾನು ಮಗನಿಗೆ ಬಿಡುವಾಗಲಿ ಎಂದು ಇಡೀ ಬೇಸಿಗೆ ಕಾದೆ.

ಫೋನ್ ಮಾಡಬಹುದಿತ್ತು. ಆದರೆ ಇದನ್ನು ಬರೆದೇ ಹೇಳಬೇಕು. ನಿನ್ನ ಕ್ಲೇಮು ನನ್ನ ಮೇಜಿಗೆ ಬಂದಿದ್ದರೆ ಪಾಸು ಮಾಡುತ್ತಿದ್ದೆ. ಕರೆದರೆ ಬರುವುದು ಕೆಲಸವೇ. ಅದು ಎಲ್ಲರಿಗೂ ಬರುವುದಿಲ್ಲ. ನೀನು ಮೇ ತಿಂಗಳಿಂದ ಕರೆದೆ. ಹೊಳೆಯಾಚೆ ನಿಂತು ಕರೆದೆ, ಫೋನು ನನ್ನ ಕೈಯಲ್ಲೇ ಇತ್ತು, ವಾರಂಟಿ ಮಾರುವವರೆಂದು ಕಟ್ ಮಾಡಿದೆ. ನಿನ್ನ ಯಜಮಾನರು ಗದಿಗೆಪ್ಪನವರ ಕಡೆಯಿಂದ ಒಬ್ಬ ಬಂದ, ನನ್ನ ಕಡೆಯಿಂದ ಒಬ್ಬರೂ ಬರಲಿಲ್ಲ.

ಮುಂದಿನ ವಾರ ಶನಿವಾರ ಬೆಳಗಿನ ರೈಲಿಗೆ ಹೊರಡುತ್ತೇನೆ. ನ್ಯೂ ಬ್ರನ್ಸ್‌ವಿಕ್‌ನಿಂದ ಟ್ಯಾಕ್ಸಿ ಮಾಡಿಕೊಳ್ಳುತ್ತೇನೆ, ನೀನು ಸ್ಟೇಷನ್ನಿಗೆ ಬರಬೇಡ. ಒಂದು ವಾರ ಇರುತ್ತೇನೆ. ನನಗೆ ನಾಯಿಯ ಭಯ ಹೋಗಿಲ್ಲ, ಕೋಣೆಯ ಬಾಗಿಲು ಹಾಕಿಕೊಂಡೇ ಮಲಗುತ್ತೇನೆ. ಸೂಟ್‌ಕೇಸಿನ ಸಾಮಾನು ಈಗಲೇ ತೆಗೆಯಬೇಡ. ರೊಟ್ಟಿ ಉಳಿದಿದ್ದರೆ ನನಗೂ ಒಂದು ಇಡು.

ಮೇಜಿಗೆ ಎರಡು ತಟ್ಟೆ ಹಾಕು, ನೇರಳೆ ಸೀರೆ ಉಟ್ಟುಕೊಂಡಿರು. ನಾಯಿ ಬಂದು ನೋಡಲಿ. ಹೇಗೆ ಕಾಣುತ್ತೀಯ ಎಂದು ನಾನು ಹೇಳುತ್ತೇನೆ.

ನಿನ್ನ
ಪದ್ಮಜಾ